ಜಾವಾದ ನೆರಳಿನಲ್ಲಿ ಪಾಂಡವರು

ಇಂಡೋನೇಷ್ಯಾದ ಜಾವಾ ದ್ವೀಪದ ಹಳ್ಳಿಗಳಲ್ಲಿ ಮದುವೆಯೋ, ಮಗನ ಸುನ್ನತಿಯೋ, ಸುಗ್ಗಿ ಮುಗಿದ ಮೇಲಿನ ಊರಹಬ್ಬವೋ ನಡೆದಾಗ ಮನೆಯ ಮುಂದೆ ಬಿಳಿಯ ಪರದೆಯೊಂದನ್ನು ಕಟ್ಟುವ ರೂಢಿಯಿದೆ. ಪರದೆಯ ಬುಡದಲ್ಲಿ ಅಡ್ಡಲಾಗಿ ಹಸಿ ಬಾಳೆದಿಂಡು. ಮೇಲೆ ತೂಗುವ ದೀಪ. ದೀಪದ ಕೆಳಗೆ ಕಾಲು ಮಡಿಸಿ ಕುಳಿತ ಒಬ್ಬನೇ ಸೂತ್ರಧಾರ. ಅವನ ಬೆನ್ನಿಗೆ ಜಾಗಟೆ, ಕಂಚಿನ ಪಟ್ಟಿ, ಮದ್ದಲೆಗಳ ದೊಡ್ಡ ಮೇಳ. ರಾತ್ರಿ ಒಂಬತ್ತರ ಸುಮಾರಿಗೆ ಸೂತ್ರಧಾರ ಪರದೆಯ ನಡುವೆ ನೆಟ್ಟಿದ್ದ ಎಲೆಯಾಕಾರದ ದೊಡ್ಡ ತೊಗಲು ಚಿತ್ರವನ್ನು ಬಾಳೆದಿಂಡಿನಿಂದ ಕೀಳುತ್ತಾನೆ. ಅಲ್ಲಿಗೆ ಕಥೆ ಆರಂಭವಾಯಿತೆಂದು ಅರ್ಥ. ಬೆಳಗಿನ ಜಾವ ಅದೇ ಚಿತ್ರವನ್ನು ಮತ್ತೆ ನಡುವೆ ನೆಡುವವರೆಗೆ ಅವನು ಕುಳಿತ ಜಾಗ ಬಿಟ್ಟು ಏಳುವುದಿಲ್ಲ.

ಆ ರಾತ್ರಿ ಪರದೆಯ ಮೇಲೆ ಓಡಾಡುವವರು ಧರ್ಮರಾಯ, ಭೀಮ, ಅರ್ಜುನ, ಕರ್ಣ, ಘಟೋತ್ಕಚ. ಆಡಿಸುವವನು ಸಾಮಾನ್ಯವಾಗಿ ಮುಸ್ಲಿಮ. ಕುಳಿತು ನೋಡುವವರಲ್ಲಿಯೂ ಬಹುಪಾಲು ಮುಸ್ಲಿಮರೇ. ಜಾವಾ ಇಸ್ಲಾಂ ಧರ್ಮವನ್ನು ಒಪ್ಪಿಕೊಂಡು ಐದು ಶತಮಾನಗಳಾಗಿವೆ. ಆದರೂ ಅಲ್ಲಿನ ಜನ ಪಾಂಡವರನ್ನು ಪರದೇಶದ ದೊರೆಗಳೆಂದು ತಿಳಿದಿಲ್ಲ, ತಮ್ಮ ಪೂರ್ವಿಕರೆಂದೇ ನಂಬಿ ಬಂದವರಿದ್ದಾರೆ. ದೇವಾಲಯಗಳು ಪಾಳುಬಿದ್ದವು, ಪೂಜೆ ನಿಂತಿತು, ರಾಜವಂಶಗಳು ಅಳಿದವು. ತೊಗಲಿನ ಗೊಂಬೆಗಳು ಮಾತ್ರ ಉಳಿದುಕೊಂಡವು. ಇದು ಹೇಗೆ ಸಾಧ್ಯವಾಯಿತು?

ಸಾವಿರ ವರ್ಷದ ದಾಖಲೆ

ಈ ಆಟದ ಹೆಸರು 'ವಯಾಂಗ್ ಕುಲಿತ್'. ವಯಾಂಗ್ ಎಂದರೆ ನೆರಳು, ಕುಲಿತ್ ಎಂದರೆ ತೊಗಲು. ಸೂತ್ರಧಾರನಿಗೆ 'ದಲಾಂಗ್' ಎಂದು ಹೆಸರು. ಇದರ ಹಳೆಯ ದಾಖಲೆ ದೊರೆಯುವುದು ಕ್ರಿ.ಶ. 907ರಲ್ಲಿ. ಮಧ್ಯ ಜಾವಾವನ್ನು ಆಳುತ್ತಿದ್ದ ಬಾಲಿತುಂಗ್ ಎಂಬ ರಾಜನ ಕಾಲದ ಶಾಸನವೊಂದರಲ್ಲಿ, ಗಲಿಗಿ ಎಂಬವನು ದೇವರ ಸೇವೆಗಾಗಿ ವಯಾಂಗ್ ಆಡಿ ಭೀಮನ ಕಥೆ ಹೇಳಿದನೆಂಬ ಉಲ್ಲೇಖವಿದೆ. ಕನ್ನಡದಲ್ಲಿ ಪಂಪ ತನ್ನ ಭಾರತವನ್ನು ಮುಗಿಸಿದ್ದು 941ರಲ್ಲಿ. ಅದಕ್ಕೂ ಮೊದಲೇ ಸಮುದ್ರದಾಚೆಯ ದ್ವೀಪದಲ್ಲಿ ಭೀಮ ಊರ ಜನರ ಮುಂದೆ ಬಂದು ನಿಂತಿದ್ದ.

996ರಲ್ಲಿ ವಿರಾಟಪರ್ವ ಹಳೆಯ ಜಾವಾ ಭಾಷೆಯ ಗದ್ಯಕ್ಕೆ ಇಳಿಯಿತು. 1157ರಲ್ಲಿ ಸೆಡಾ ಮತ್ತು ಪನುಲುಃ ಎಂಬ ಕವಿಗಳು 'ಭಾರತಯುದ್ಧ' ಕಾವ್ಯವನ್ನು ರಚಿಸಿದರು. ಇವೆರಡರ ನಡುವೆ, ಸುಮಾರು 1030ರಲ್ಲಿ, ಏರ್ಲಾಂಗ ರಾಜನ ಆಸ್ಥಾನದಲ್ಲಿದ್ದ ಕಣ್ವ ಕವಿ 'ಅರ್ಜುನವಿವಾಹ'ವನ್ನು ಬರೆದ. ಅದರಲ್ಲಿ ಒಂದು ಕಡೆ ಈ ಆಟದ ಪ್ರಸ್ತಾಪ ಬರುತ್ತದೆ. ಎದುರಿಗಿರುವುದು ಕೆತ್ತಿದ ತೊಗಲು, ಆಡಿಸಿದಂತೆ ಆಡುತ್ತದೆ, ನುಡಿಸಿದಂತೆ ನುಡಿಯುತ್ತದೆ ಎಂದು ಗೊತ್ತಿದ್ದೂ ಜನ ಕಣ್ಣೀರಿಡುತ್ತಾರೆ ಎಂದು ಕವಿ ಹೇಳುತ್ತಾನೆ. ಅವನಿಗೆ ಅದು ಮಾಯೆಗೆ ಮರುಳಾಗುವ ಮನುಷ್ಯನ ಉದಾಹರಣೆ. ಇಂದಿನ ಓದುಗನಿಗೆ ಅದು ಸಾವಿರ ವರ್ಷದ ಹಿಂದಿನ ಪ್ರೇಕ್ಷಕರ ಬಗೆಗಿನ ಅಪರೂಪದ ವರದಿ.

ಕಥೆ ಭಾರತದಿಂದ ಹೋದದ್ದು ಸರಿ, ಆಟವೂ ಇಲ್ಲಿಂದಲೇ ಹೋಯಿತೇ? ವಿದ್ವಾಂಸರಲ್ಲಿ ಈ ಕುರಿತು ಒಂದು ಶತಮಾನಕ್ಕೂ ಮಿಕ್ಕಿ ಚರ್ಚೆ ನಡೆದಿದೆ. ಪರದೆ, ದೀಪ, ಗೊಂಬೆಯ ಪೆಟ್ಟಿಗೆ ಮುಂತಾದ ಸಲಕರಣೆಗಳ ಹೆಸರುಗಳು ಸಂಸ್ಕೃತವಲ್ಲ, ಜಾವಾದ ನೆಲದ ಮಾತುಗಳೇ ಎಂದು ಡಚ್ ವಿದ್ವಾಂಸ ಹಾಝ್ಯೂ 1897ರಲ್ಲಿ ತೋರಿಸಿಕೊಟ್ಟ. ಪೂರ್ವಿಕರ ಆತ್ಮಗಳನ್ನು ಕರೆಯುವ ಪ್ರಾಚೀನ ಆಚರಣೆಯೇ ಇದರ ಮೂಲ ಎಂಬುದು ಅವನ ವಾದ. ಭಾರತದ ತೊಗಲು ಗೊಂಬೆಯಾಟವೇ ಮೂಲವೆಂದು ವಾದಿಸಿದವರೂ ಇದ್ದಾರೆ. ಕರ್ನಾಟಕದ ತೊಗಲು ಗೊಂಬೆಯನ್ನು ನೋಡಿದವರಿಗೆ ಹೋಲಿಕೆಯ ಜೊತೆಗೆ ವ್ಯತ್ಯಾಸವೂ ಕಣ್ಣಿಗೆ ಬೀಳುತ್ತದೆ. ನಮ್ಮ ಗೊಂಬೆಯ ತೊಗಲು ತೆಳು. ದೀಪದ ಬೆಳಕು ಅದರ ಮೂಲಕವೇ ಹಾದು ಪರದೆಯ ಮೇಲೆ ಕೆಂಪು, ಹಸಿರು ಬಣ್ಣಗಳು ಮೂಡುತ್ತವೆ. ಜಾವಾದ ಗೊಂಬೆ ಎಮ್ಮೆಯ ದಪ್ಪ ತೊಗಲಿನದು. ಬೆಳಕು ಹಾಯುವುದು ಅದರಲ್ಲಿ ಕೊರೆದ ರಂಧ್ರಗಳ ಮೂಲಕ ಮಾತ್ರ. ಆದ್ದರಿಂದ ಅಲ್ಲಿ ಪರದೆಯ ಮೇಲೆ ಬೀಳುವುದು ಕಸೂತಿಯಂಥ ಕಪ್ಪು ನೆರಳು.

ಬಾಗಿದ ತಲೆ, ಉರುಟು ಕಣ್ಣು

ಒಂದು ಗೊಂಬೆಯನ್ನು ಮಾಡುವುದು ಹಲವು ದಿನಗಳ, ಕೆಲವೊಮ್ಮೆ ವಾರಗಳ ಕೆಲಸ. ಎಮ್ಮೆಯ ತೊಗಲನ್ನು ನೆನೆಸಿ, ಬಿದಿರಿನ ಚೌಕಟ್ಟಿಗೆ ಬಿಗಿದು ಒಣಗಿಸಿ, ಕೂದಲು ಹೋಗಿ ನಯವಾಗುವಂತೆ ಹೆರೆಯುತ್ತಾರೆ. ಮೇಲೆ ಆಕಾರ ಬರೆದು, ಚಿಕ್ಕ ದೊಡ್ಡ ಉಳಿಗಳಿಂದ ಒಂದೊಂದೇ ರಂಧ್ರ ಕೊರೆಯುತ್ತಾರೆ. ಮುಖದ ಕೆತ್ತನೆ ಬರುವುದು ಕೊನೆಗೆ. ಅದು ಮುಗಿದ ಮೇಲೆ ಎರಡೂ ಬದಿಗೆ ಬಣ್ಣ, ಉಳ್ಳವರ ಗೊಂಬೆಗಾದರೆ ಚಿನ್ನದ ರೇಕು. ಎಮ್ಮೆಯ ಕೊಂಬನ್ನು ಕಾಯಿಸಿ ಬಾಗಿಸಿ ಮಾಡಿದ ಹಿಡಿಯೇ ಗೊಂಬೆಯ ಬೆನ್ನೆಲುಬು. ಅದರ ಚೂಪು ತುದಿಯನ್ನು ಬಾಳೆದಿಂಡಿಗೆ ಚುಚ್ಚಿ ಗೊಂಬೆಯನ್ನು ನಿಲ್ಲಿಸುತ್ತಾರೆ. ಪೂರ್ಣ ಸೆಟ್ಟಿನಲ್ಲಿ ಇಂಥ ಇನ್ನೂರಕ್ಕೂ ಹೆಚ್ಚು ಗೊಂಬೆಗಳಿರುತ್ತವೆ.

ಈ ಗೊಂಬೆಗಳು ಮನುಷ್ಯರಂತೆ ಕಾಣುವುದಿಲ್ಲ. ಸಣಕಲು ಕೈಗಳು ಮೊಣಕಾಲಿನ ಕೆಳಗೂ ಇಳಿದಿರುತ್ತವೆ, ಮೂಗು ಮೊನಚಾಗಿ ಮುಂದೆ ಚಾಚಿರುತ್ತದೆ. ಆದರೆ ಪ್ರತಿಯೊಂದು ಗೆರೆಗೂ ಅರ್ಥವುಂಟು. ಸೀಳಿನಂಥ ಕಣ್ಣು, ತೆಳು ಮೈ, ಬಾಗಿದ ತಲೆ ಇದ್ದರೆ ಅವನು ತನ್ನನ್ನು ತಾನು ಗೆದ್ದವನು. ಅರ್ಜುನ ಹಾಗಿರುತ್ತಾನೆ. ಉರುಟು ಕಣ್ಣು, ದಪ್ಪ ಮೈ, ಹೊರಚಾಚಿದ ಹಲ್ಲು ಇದ್ದರೆ ಆಸೆ ಮತ್ತು ಸಿಟ್ಟುಗಳ ವಶದಲ್ಲಿರುವವನು. ಮುಖದ ಕೆಂಪು ಕೋಪದ ಗುರುತಾದರೆ ಕಪ್ಪು ಪ್ರಬುದ್ಧತೆಯ ಗುರುತು. ಒಂದೇ ಪಾತ್ರಕ್ಕೆ ಶಾಂತನಾಗಿರುವಾಗ ಒಂದು ಗೊಂಬೆ, ಯುದ್ಧಕ್ಕೆ ಹೊರಟಾಗ ಇನ್ನೊಂದು. ಜಾವಾದ ಮಕ್ಕಳು ಅಕ್ಷರ ಕಲಿಯುವ ಮೊದಲೇ ಈ ಭಾಷೆಯನ್ನು ಓದಲು ಕಲಿಯುತ್ತಿದ್ದರು.

ಇಸ್ಲಾಂ ಧರ್ಮವು ಮನುಷ್ಯಾಕೃತಿಯ ಚಿತ್ರಣವನ್ನು ಒಪ್ಪದ ಕಾರಣ ಗೊಂಬೆಗಳಿಗೆ ಈ ರೂಪ ಬಂದಿತೆಂಬುದು ಜನಜನಿತವಾದ ವಿವರಣೆ. ಇದರಲ್ಲಿ ಅರ್ಧ ಸತ್ಯವಿದೆ. ಪೂರ್ವ ಜಾವಾದ ಜಾಗೋ, ಪನತರನ್ ದೇವಾಲಯಗಳ 13-14ನೆಯ ಶತಮಾನದ ಉಬ್ಬುಶಿಲ್ಪಗಳಲ್ಲಿ ಆಗಲೇ ಚಪ್ಪಟೆಯಾದ, ಗೊಂಬೆಯಂಥ ಆಕೃತಿಗಳು ಕಾಣಿಸಿಕೊಂಡಿವೆ. ಹೊಸ ಧರ್ಮದ ಕಾಲದಲ್ಲಿ ಆ ದಾರಿಯೇ ಮುಂದುವರಿದು ಕೊನೆ ಮುಟ್ಟಿರಬೇಕು.

ಧರ್ಮರಾಯನ ಓಲೆ

15 ಮತ್ತು 16ನೆಯ ಶತಮಾನಗಳಲ್ಲಿ ಜಾವಾದ ಉತ್ತರ ಕರಾವಳಿಯಿಂದ ಇಸ್ಲಾಂ ಒಳನಾಡಿಗೆ ಹರಡಿತು. ಅದನ್ನು ಹರಡಿದ ಒಂಬತ್ತು ಸಂತರನ್ನು ಜನ ಇಂದಿಗೂ ಭಕ್ತಿಯಿಂದ ನೆನೆಯುತ್ತಾರೆ. ಅವರಲ್ಲಿ ಸುನಾನ್ ಕಲಿಜಾಗನ ಹೆಸರು ವಯಾಂಗಿನ ಜೊತೆ ಬೆಸೆದುಕೊಂಡಿದೆ. ಅವನೇ ಸ್ವತಃ ದಲಾಂಗನಾಗಿ ಊರೂರು ಸುತ್ತಿದ, ಆಟಕ್ಕೆ ಸಂಭಾವನೆಯಾಗಿ ಹಣ ಕೇಳದೆ ಕಲಿಮಾ ಹೇಳಿಸಿದ ಎಂಬುದು ಐತಿಹ್ಯ.

ಇನ್ನೊಂದು ಕಥೆ ಮತ್ತೂ ಸ್ವಾರಸ್ಯವಾಗಿದೆ. ವಯಾಂಗಿನಲ್ಲಿ ಧರ್ಮರಾಯನ ಬಳಿ 'ಕಲಿಮಸಾದ' ಎಂಬ ಪವಿತ್ರ ಓಲೆಯೊಂದಿರುತ್ತದೆ. ಅದೇ ಅವನ ಆಯುಧ, ಅದೇ ರಕ್ಷೆ. ಭಾರತ ಯುದ್ಧ ಮುಗಿದು ಎಲ್ಲರೂ ಗತಿಸಿದರೂ ಧರ್ಮರಾಯನಿಗೆ ಸಾವು ಬರಲಿಲ್ಲವಂತೆ. ಓಲೆಯಲ್ಲಿ ಬರೆದದ್ದನ್ನು ಓದಬಲ್ಲವನು ಸಿಗುವವರೆಗೆ ಅವನು ಕಾಡಿನಲ್ಲಿ ತಪಸ್ಸು ಮಾಡುತ್ತ ಕುಳಿತಿರಬೇಕಾಯಿತು. ಶತಮಾನಗಳ ಮೇಲೆ ಕಲಿಜಾಗ ಅಲ್ಲಿಗೆ ಬಂದು ಓಲೆಯನ್ನು ಬಿಡಿಸಿ ಓದಿದ. ಅದರಲ್ಲಿದ್ದದ್ದು ಇಸ್ಲಾಮಿನ ಶಹಾದತ್ ವಚನ. ಅದನ್ನು ಕೇಳಿ ಧರ್ಮರಾಯ ನೆಮ್ಮದಿಯಿಂದ ಕಣ್ಣು ಮುಚ್ಚಿದ. ಆದರೆ ಈ ಹೆಸರಿನ ಹಿಂದಿರುವುದು ಹಳೆಯ 'ಭಾರತಯುದ್ಧ' ಕಾವ್ಯದಲ್ಲಿ ಬರುವ 'ಕಲಿಮಹೌಷಧ' ಎಂಬ ಮಾತು ಎಂದು ವಿದ್ವಾಂಸರು ಗುರುತಿಸುತ್ತಾರೆ. ಸಂಸ್ಕೃತದ ಮಹೌಷಧ ಜನರ ಬಾಯಲ್ಲಿ ಅರಬ್ಬಿಯ ಕಲಿಮಾ ಆಯಿತು. ಹಳೆಯದನ್ನು ಸುಡದೆ, ಹೊಸದನ್ನು ತಳ್ಳದೆ, ಎರಡನ್ನೂ ಒಂದೇ ಓಲೆಯಲ್ಲಿ ಓದಿಕೊಂಡ ರೀತಿ ಇದು.

ಹೀಗೆ ಕಥೆಯೂ ಬದಲಾಯಿತು. ವಯಾಂಗಿನ ದ್ರೌಪದಿ ಐವರ ಹೆಂಡತಿಯಲ್ಲ, ಧರ್ಮರಾಯನೊಬ್ಬನ ಮಡದಿ. ಶಿಖಂಡಿ ಅಲ್ಲಿ 'ಶ್ರೀಕಂಡಿ' ಎಂಬ ವೀರವನಿತೆ, ಬಿಲ್ಲುಗಾರ್ತಿ, ಅರ್ಜುನನ ಪತ್ನಿ. ಘಟೋತ್ಕಚನಂತೂ ಆಕಾಶದಲ್ಲಿ ಹಾರುವ, ತಂತಿಯ ನರ ಮತ್ತು ಕಬ್ಬಿಣದ ಮೂಳೆಯ ನೆಚ್ಚಿನ ನಾಯಕ. ಇಂಡೋನೇಷ್ಯಾ ತಾನೇ ತಯಾರಿಸಿದ ಎನ್-250 ವಿಮಾನ 1995ರ ಆಗಸ್ಟ್‌ನಲ್ಲಿ ಮೊದಲ ಬಾರಿ ಹಾರಿದಾಗ ಅದಕ್ಕಿಟ್ಟಿದ್ದ ಹೆಸರು 'ಗಟೋಟ್‌ಕಚ'.

ಒಬ್ಬನೇ ನೂರು ದನಿ

ಇಷ್ಟೆಲ್ಲ ಬದಲಾವಣೆ ಸಾಧ್ಯವಾದದ್ದು ವಯಾಂಗಿಗೆ ಬರೆದಿಟ್ಟ ಮಾತುಗಾರಿಕೆ ಇಲ್ಲದಿರುವುದರಿಂದ. ಪ್ರಸಂಗದ ಹಂದರವಷ್ಟೇ ದಲಾಂಗನ ತಲೆಯಲ್ಲಿರುತ್ತದೆ. ಮಾತು ಆ ರಾತ್ರಿ ಹುಟ್ಟುವಂಥದು. ಪ್ರಸಂಗಗಳಲ್ಲಿಯೂ ಮಹಾಭಾರತದ ಮೂಲಕ್ಕೆ ಸೇರಿದವು 'ಬೊಡ್ಡೆ'ಯ ಕಥೆಗಳು, ಜಾವಾದಲ್ಲೇ ಚಿಗುರಿದವು 'ಕೊಂಬೆ'ಯ ಕಥೆಗಳು ಎಂಬ ವಿಂಗಡಣೆಯಿದೆ. ಜನ ಹೆಚ್ಚಾಗಿ ಮೆಚ್ಚುವುದು ಕೊಂಬೆಯ ಕಥೆಗಳನ್ನೇ.

ದಲಾಂಗನ ದುಡಿಮೆ ಬೆರಗು ಹುಟ್ಟಿಸುವಂಥದು. ಎರಡೂ ಕೈಗಳಲ್ಲಿ ಗೊಂಬೆ. ಎಡಗಡೆ ಮರದ ಪೆಟ್ಟಿಗೆ. ಕೈ ಬಿಡುವಿಲ್ಲದಾಗ ಬಲಗಾಲಿನ ಬೆರಳುಗಳ ನಡುವೆ ಹಿಡಿದ ಸಣ್ಣ ಕೊಡತಿಯಿಂದ ಆ ಪೆಟ್ಟಿಗೆಯನ್ನು ಬಡಿದು ಮೇಳಕ್ಕೆ ಸನ್ನೆ ಕೊಡಬೇಕು. ಪೆಟ್ಟಿಗೆಗೆ ತೂಗುಹಾಕಿದ ಲೋಹದ ಫಲಕಗಳನ್ನು ಅದೇ ಕಾಲಿನಿಂದ ಒದ್ದು ಯುದ್ಧದ ಸದ್ದು ಎಬ್ಬಿಸಬೇಕು. ಹತ್ತಾರು ಪಾತ್ರಗಳಿಗೆ ಹತ್ತಾರು ದನಿ ತೆಗೆಯಬೇಕು, ಹಾಡಬೇಕು, ವರ್ಣಿಸಬೇಕು, ನಗಿಸಬೇಕು. ರಾತ್ರಿ ಮೂರು ಭಾಗವಾಗಿ ಸಾಗುತ್ತದೆ. ನಡುರಾತ್ರಿಯವರೆಗೆ ರಾಜಸಭೆ, ದೂತರು, ಬಿಕ್ಕಟ್ಟಿನ ಆರಂಭ. ಬೆಳಗಿನ ಮೂರರವರೆಗೆ ನಾಯಕನ ಅಲೆದಾಟ, ಋಷಿಯ ಉಪದೇಶ, ರಾಕ್ಷಸರೊಡನೆ ಕಾಳಗ. ಆಮೇಲೆ ಬೆಳಗಾಗುವವರೆಗೆ ಅಂತಿಮ ಯುದ್ಧ. ಪ್ರತಿ ಭಾಗಕ್ಕೂ ಸಂಗೀತದ ಮಟ್ಟೇ ಬೇರೆ. ಸಂಗೀತ ಕೇಳಿದರೆ ಸಾಕು, ಗಂಟೆ ಎಷ್ಟಾಯಿತೆಂದು ಅನುಭವಿಗಳು ಹೇಳಬಲ್ಲರು.

ಆಳಿನ ವೇಷದ ದೇವರು

ನಡುರಾತ್ರಿ ಕಳೆದ ಮೇಲೆ ಒಂದು ಗಳಿಗೆ ಬರುತ್ತದೆ. ಭೂಮಿ ನಡುಗಿತು, ಕಡಲು ಕುದಿಯಿತು ಎಂದು ದಲಾಂಗ್ ಪ್ರಳಯವನ್ನು ವರ್ಣಿಸುತ್ತಾನೆ. ಅದು ಶಾಂತವಾದಾಗ ಪರದೆಗೆ ಬರುವವರು ದೇವತೆಗಳಲ್ಲ, ನಾಲ್ವರು ಆಳುಗಳು: ಸೆಮಾರ್, ಗರೆಂಗ್, ಪೆಟ್ರುಕ್, ಬಾಗೋಂಗ್. ತೂಕಡಿಸುತ್ತಿದ್ದ ಮಕ್ಕಳೂ ಎದ್ದು ಕೂರುವ ಹೊತ್ತು ಇದು.

ಇವರು ವ್ಯಾಸರ ಭಾರತದಲ್ಲಿ ಇಲ್ಲ. ಸೆಮಾರನದು ಡೊಳ್ಳು ಹೊಟ್ಟೆ, ದೊಡ್ಡ ಪೃಷ್ಠ, ನೀರು ತುಂಬಿದ ಕಣ್ಣು. ಗಂಡೋ ಹೆಣ್ಣೋ ಹೇಳಲಾಗದ ಮೈಕಟ್ಟು. ಕೆಲಸ ಪಾಂಡವರ ಚಾಕರಿ. ಆದರೆ ಅವನು ವಾಸ್ತವವಾಗಿ ಇಸ್ಮಾಯ ಎಂಬ ದೇವರು, ಬತಾರ ಗುರು ಎಂದು ಕರೆಸಿಕೊಳ್ಳುವ ಶಿವನ ಅಣ್ಣ. ಕುಂಟನಾದ ಗರೆಂಗ್, ಉದ್ದ ಮೂಗಿನ ಪೆಟ್ರುಕ್, ಗುಂಡನೆಯ ಬಾಗೋಂಗ್ ಅವನ ಮಕ್ಕಳು. ಬಾಗೋಂಗ್ ಹುಟ್ಟಿದ್ದು ಸೆಮಾರನ ನೆರಳಿನಿಂದಲೇ ಎನ್ನುತ್ತದೆ ಒಂದು ಕಥೆ. ಜಾವಾ ಭಾಷೆಯಲ್ಲಿ ಎದುರಿಗಿರುವವನ ಅಂತಸ್ತಿಗೆ ತಕ್ಕಂತೆ ಮಾತಿನ ಪದಗಳೇ ಬದಲಾಗುತ್ತವೆ. ದೊಡ್ಡವರೊಡನೆ ಆಡುವ ಮಾತು ಬೇರೆ, ಸಮಾನರೊಡನೆ ಆಡುವ ಮಾತು ಬೇರೆ. ಇಂಥ ಭಾಷೆಯಲ್ಲಿ ಸೆಮಾರ್ ಮಹಾದೇವನನ್ನೂ ಏಕವಚನದಲ್ಲಿ ಗದರುತ್ತಾನೆ. ಅರ್ಜುನ ದಾರಿ ತಪ್ಪಿದರೆ ಬುದ್ಧಿ ಹೇಳುವವನೂ ಅವನೇ.

ಊರಿನ ಮುಖಂಡನ ಜಿಪುಣತನ, ಅಕ್ಕಿಯ ಬೆಲೆ, ಅಧಿಕಾರಿಗಳ ಲಂಚ ಎಲ್ಲವೂ ಪರದೆಗೆ ಬರುವುದು ಇವರ ಬಾಯಿಂದ. ಕೊಂಬೆಯ ಕಥೆಗಳಲ್ಲಿ ಪ್ರಸಿದ್ಧವಾದ 'ಪೆಟ್ರುಕ್ ರಾಜನಾದ' ಪ್ರಸಂಗದಲ್ಲಿ ಕಳುವಾದ ಕಲಿಮಸಾದ ಓಲೆ ಪೆಟ್ರುಕ್‌ನ ಕೈಗೆ ಸಿಗುತ್ತದೆ. ಆಳು ಅರಸನಾಗುತ್ತಾನೆ. ದೇವರುಗಳೂ ದೊರೆಗಳೂ ಅವನನ್ನು ಸೋಲಿಸಲಾರರು. ಕೊನೆಗೆ ಅವನು ಸೋಲುವುದು ತನ್ನ ಮನೆಯವರ ಕೈಯಲ್ಲಿ ಮಾತ್ರ. ಬೆಳಗಾಗುವ ಹೊತ್ತಿಗೆ ರಾಜರು ರಾಜರಾಗಿ, ಆಳುಗಳು ಆಳುಗಳಾಗಿ ಮರಳುತ್ತಾರೆ. ಆದರೆ ಇಡೀ ರಾತ್ರಿ ಜನ ಬೇರೊಂದನ್ನು ಕಂಡಿರುತ್ತಾರೆ.

ಅಧಿಕಾರದ ಕೈಗೆ ಸಿಕ್ಕಾಗ

ಇಂಥ ಆಟದ ಮೇಲೆ ಆಳುವವರ ಕಣ್ಣು ಬೀಳದಿರಲು ಸಾಧ್ಯವಿಲ್ಲ. 1755ರ ಗಿಯಾಂತಿ ಒಪ್ಪಂದದಲ್ಲಿ ಮತರಾಂ ರಾಜ್ಯ ಹೋಳಾಗಿ ಸುರಕರ್ತ ಮತ್ತು ಯೋಗ್ಯಕರ್ತ ಎಂಬ ಎರಡು ಅರಮನೆಗಳು ಹುಟ್ಟಿಕೊಂಡವು. ಎರಡೂ ಕಡೆ ವಯಾಂಗಿಗೆ ರಾಜಾಶ್ರಯ ದೊರೆತು ಒಂದೊಂದು ಶೈಲಿ ಬೆಳೆಯಿತು. ಅರಮನೆಯ ಗೊಂಬೆಗಳ ಸೆಟ್ಟುಗಳಿಗೆ 'ಕ್ಯಾಯಿ' ಎಂಬ ಗೌರವದ ಹೆಸರು ಸಂದಿತು. 1923ರಲ್ಲಿ ಸುರಕರ್ತದಲ್ಲಿಯೂ 1925ರಲ್ಲಿ ಯೋಗ್ಯಕರ್ತದಲ್ಲಿಯೂ ದಲಾಂಗರಿಗಾಗಿ ಅರಮನೆಯ ಶಾಲೆಗಳು ತೆರೆದವು. ತಂದೆಯಿಂದ ಮಗ ಕಲಿಯುತ್ತಿದ್ದ ವಿದ್ಯೆ ಪಾಠಕ್ರಮಕ್ಕೆ ಒಳಪಟ್ಟಿತು.

ಸ್ವಾತಂತ್ರ್ಯ ಬಂದ ಮೇಲೆ ವಯಾಂಗ್ ಅರಮನೆಯಿಂದ ರಾಜಕೀಯಕ್ಕೆ ಬಂತು. ಮೊದಲ ಅಧ್ಯಕ್ಷ ಸುಕರ್ನೊ ಅವರ ಹೆಸರಿನಲ್ಲೇ ಕರ್ಣನಿದ್ದಾನೆ. ಬಾಲ್ಯದಲ್ಲಿ ಕಾಯಿಲೆಯಿಂದ ನರಳುತ್ತಿದ್ದ ಮಗನಿಗೆ ತಂದೆ ಆ ವೀರನ ಹೆಸರಿಟ್ಟಿದ್ದರು. ತರುಣ ಸುಕರ್ನೊ ಲೇಖನಗಳನ್ನು ಬರೆದದ್ದು 'ಭೀಮ' ಎಂಬ ಗುಪ್ತನಾಮದಲ್ಲಿ. ಡಚ್ಚರ ವಿರುದ್ಧದ ಹೋರಾಟದ ದಿನಗಳಲ್ಲಿ ಪಾಂಡವರ ಬದಲಿಗೆ ನಾಯಕರು ಮತ್ತು ಸೈನಿಕರ ಗೊಂಬೆಗಳನ್ನು ಬಳಸಿ ಹಳ್ಳಿಗಳಿಗೆ ಸುದ್ದಿ ಮುಟ್ಟಿಸುವ 'ವಯಾಂಗ್ ಸುಲುಃ' ಎಂಬ ಹೊಸ ಬಗೆಯೂ ಬಂತು.

1965ರಲ್ಲಿ ವಿದ್ವಾಂಸ ಬೆನೆಡಿಕ್ಟ್ ಆಂಡರ್ಸನ್ ಒಂದು ಕಿರುಪುಸ್ತಕ ಪ್ರಕಟಿಸಿದರು. ವಯಾಂಗ್ ಒಂದೇ ಆದರ್ಶವನ್ನು ಬೋಧಿಸುವುದಿಲ್ಲ, ಅರ್ಜುನನ ನಯವೂ ಭೀಮನ ಒರಟು ಪ್ರಾಮಾಣಿಕತೆಯೂ ಕರ್ಣನ ನಿಷ್ಠೆಯೂ ಅಲ್ಲಿ ಗೌರವಕ್ಕೆ ಪಾತ್ರ, ಜಾವಾ ಜನರ ಸಹನೆಯ ಬೇರು ಇಲ್ಲಿದೆ ಎಂಬುದು ಅದರ ತಿರುಳು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಮ್ಯುನಿಸ್ಟರೆಂದು ಗುರುತಿಸಲಾದವರ ಹತ್ಯಾಕಾಂಡ ಆರಂಭವಾಯಿತು. ಸತ್ತವರು ಕನಿಷ್ಠ 5 ಲಕ್ಷ ಎಂಬುದು ಸಾಮಾನ್ಯ ಅಂದಾಜು. ಎಡಪಂಥೀಯ ಕಲಾಸಂಘಟನೆಯ ನಂಟಿದ್ದ ದಲಾಂಗರು ಕೊಲೆಯಾದರು, ಸೆರೆಮನೆ ಸೇರಿದರು. ಬದುಕುಳಿದ ಹಲವರಿಗೆ ಆಟವಾಡುವ ಅವಕಾಶವೇ ತಪ್ಪಿತು. ಸಹನೆಯನ್ನು ಕಲಿಸುವ ಕಥೆ ಇದ್ದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಕಹಿಯಾದ ಸಾಕ್ಷಿ ಬೇಕಿಲ್ಲ.

1966ರ ಮಾರ್ಚ್ 11ರಂದು ಸುಕರ್ನೊ ಅವರಿಂದ ಸುಹಾರ್ತೊ ಕೈಗೆ ಅಧಿಕಾರ ದಾಟಿಸಿದ ಆದೇಶಪತ್ರವನ್ನು 'ಸೂಪರ್‌ಸೆಮಾರ್' ಎಂದು ಕರೆಯಲಾಯಿತು. ಇಂಡೋನೇಷ್ಯಾ ಭಾಷೆಯಲ್ಲಿ 'ಮಾರ್ಚ್ ಹನ್ನೊಂದರ ಆದೇಶಪತ್ರ' ಎಂಬುದರ ಅಕ್ಷರಗಳನ್ನು ಜೋಡಿಸಿ ಮಾಡಿದ ಹೆಸರು ಇದು. ಕೇಳಿದವರಿಗೆ ನೆನಪಾಗುತ್ತಿದ್ದುದು ಮಾತ್ರ ಆಳಿನ ವೇಷದ ದೇವರು. ಬಡವರ ಪರ ನಿಂತು ದೊಡ್ಡವರನ್ನು ಗದರಿಸುತ್ತಿದ್ದ ಸೆಮಾರನ ಹೆಸರು ಹೀಗೆ ಸೇನಾಧಿಪತಿಯೊಬ್ಬನ ಆಳ್ವಿಕೆಗೆ ಮುದ್ರೆಯಾಯಿತು. ಮುಂದಿನ ಮೂರು ದಶಕ ದಲಾಂಗರು ಕುಟುಂಬ ಯೋಜನೆ, ಹೊಸ ಭತ್ತದ ತಳಿ, ಸರ್ಕಾರದ ಸಾಧನೆಗಳ ಬಗ್ಗೆ ಮಾತು ಸೇರಿಸಬೇಕಾಯಿತು. ಆದರೆ ಬರಹವಿಲ್ಲದ ಮಾತನ್ನು ಪೂರ್ತಿ ಹಿಡಿದಿಡುವುದು ಯಾವ ಸರ್ಕಾರಕ್ಕೂ ಕಷ್ಟ. ಹೇಳಬೇಕಾದದ್ದನ್ನು ಹೇಳಿ, ಅದರ ಮಗ್ಗುಲಲ್ಲೇ ಒಂದು ಚಾಟೂಕ್ತಿಯನ್ನು ಜಾರಿಸುವ ಕಲೆ ದಲಾಂಗರಿಗೆ ಹಳೆಯದು.

ಬೆಳಗಾಗುವ ಮುನ್ನ

ಯುನೆಸ್ಕೊ 2003ರ ನವೆಂಬರ್ 7ರಂದು ವಯಾಂಗನ್ನು ಮಾನವಕುಲದ ಮೌಖಿಕ ಪರಂಪರೆಯ ಮೇರುಕೃತಿಯೆಂದು ಸಾರಿತು. 2008ರಲ್ಲಿ ಅದು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಸುರಕರ್ತದ ಕಲಾ ಸಂಸ್ಥೆಯಲ್ಲಿ ದಲಾಂಗ್ ವಿದ್ಯೆಗೆ ಪದವಿ ಪಡೆಯಬಹುದು. ಸಂಖ್ಯೆ ಚಿಕ್ಕದಾದರೂ ಹೆಣ್ಣುಮಕ್ಕಳೂ ದಲಾಂಗರಾಗಿದ್ದಾರೆ. ಎಣ್ಣೆಯ ದೀಪದ ಜಾಗಕ್ಕೆ ವಿದ್ಯುತ್ ದೀಪ ಬಂದು ಬಹಳ ಕಾಲವಾಯಿತು. ಉರಿಯ ಜೊತೆ ನಡುಗುತ್ತಿದ್ದ ನೆರಳು ಈಗ ಸ್ಥಿರವಾಗಿ ನಿಂತಿದೆ. ಜನರಲ್ಲಿ ಹೆಚ್ಚಿನವರು ನೆರಳಿನ ಬದಿಯಲ್ಲಿ ಕೂರುವುದನ್ನೇ ಬಿಟ್ಟು, ದಲಾಂಗನ ಕೈಚಳಕವೂ ಗಾಯಕಿಯರ ಉಡುಪೂ ಕಾಣುವ ಬದಿಗೆ ಬಂದಿದ್ದಾರೆ. ಇಡೀ ರಾತ್ರಿಯ ಆಟವನ್ನು ಎರಡು ಗಂಟೆಗೆ ಇಳಿಸುವ ಪ್ರಯೋಗಗಳು 1970ರ ದಶಕದಿಂದಲೇ ನಡೆದಿವೆ. 2020ರಲ್ಲಿ ಕೊರೊನಾ ಸೋಂಕಿನಿಂದಾಗಿ ಜನ ಸೇರುವುದು ನಿಂತಾಗ ದಲಾಂಗರು ಖಾಲಿ ಅಂಗಳದಲ್ಲಿ ಕುಳಿತು ಕ್ಯಾಮೆರಾದ ಮುಂದೆ ಆಡಿದರು.

ಇದನ್ನು ಅವನತಿ ಎನ್ನುವವರಿದ್ದಾರೆ. ಆದರೆ ವಯಾಂಗ್ ಉಳಿದುಬಂದದ್ದು ಬದಲಾಗದೆ ನಿಂತದ್ದರಿಂದಲ್ಲ. ದೇವರ ಸೇವೆಯಾಗಿದ್ದದ್ದು ಅರಮನೆಯ ವೈಭವವಾಯಿತು, ಸಂತನ ಉಪದೇಶವಾಯಿತು, ಸರ್ಕಾರದ ಪ್ರಚಾರವೂ ಆಯಿತು. ಪ್ರತಿ ಸಲವೂ ಕಥೆಯ ಬೊಡ್ಡೆ ಹಾಗೆಯೇ ಇದ್ದು ಕೊಂಬೆ ಹೊಸದಾಯಿತು. ನಡುರಾತ್ರಿ ಕಳೆದ ಮೇಲಿನ ಆ ಒಂದು ಗಳಿಗೆಯನ್ನು ಮಾತ್ರ ಯಾವ ಕಾಲವೂ ಕಿತ್ತುಹಾಕಲಿಲ್ಲ. ರಾಜರ ಕಥೆಯ ನಡುವೆ ಆಳುಗಳಿಗೆ ಮಾತಾಡುವ ಸರದಿ ಇರುವವರೆಗೆ ಪರದೆಯ ಮುಂದೆ ಜನ ಇರುತ್ತಾರೆ. ಆ ಗಳಿಗೆಯನ್ನು ಸಮಯ ಸಾಲದೆಂದು ಬಿಟ್ಟುಕೊಟ್ಟ ದಿನ ಉಳಿಯುವುದು ಅಂದವಾಗಿ ಕೆತ್ತಿದ ತೊಗಲಷ್ಟೇ.